ಹೊಲ ಅಳೆದ ಅಜ್ಜ, ಬೆಟ್ಟ ಎಣಿಸಿದ ಮೊಮ್ಮಗ

ಮಂತ್ರಾಲಯಕ್ಕೆ ಹೋಗಿಬರುವವರಿಗೆ ಥಾಮಸ್ ಮನ್ರೋ ಹೊಸಬನಲ್ಲ. ಮಠದ ಇನಾಂ ಭೂಮಿಯ ವಿಚಾರಣೆಗೆಂದು ಬಂದ ಕಂಪನಿ ಸರ್ಕಾರದ ಕಲೆಕ್ಟರ್ ಬೂಟು, ಟೋಪಿ ಕಳಚಿಟ್ಟು ಬೃಂದಾವನದ ಮುಂದೆ ನಿಂತನಂತೆ. 1671ರಲ್ಲೇ ಬೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ಅವನೊಬ್ಬನಿಗೆ ಕಾಣಿಸಿಕೊಂಡು ಮಾತಾಡಿದರಂತೆ. ಜೊತೆಯಲ್ಲಿದ್ದವರಿಗೆ ಸಾಹೇಬನ ಮಾತಷ್ಟೇ ಕೇಳಿಸಿತು, ಎದುರಿಗೆ ಯಾರೂ ಕಾಣಲಿಲ್ಲ. ಭೂಮಿ ಮಠಕ್ಕೇ ಉಳಿಯಿತು. ಬಳ್ಳಾರಿ ಜಿಲ್ಲೆಯ ಹಳೆಯ ಗೆಜೆಟಿಯರಿನಲ್ಲೂ ಈ ಐತಿಹ್ಯದ ಪ್ರಸ್ತಾಪವಿದೆ. ತಿರುಮಲದಲ್ಲಿ ಅವನ ಹೆಸರಿನ ‘ಮನ್ರೋ ಗಂಗಾಳ’ದ ನೈವೇದ್ಯವಿದೆ. ರಾಯಲಸೀಮೆಯಲ್ಲಿ ಒಂದು ಕಾಲಕ್ಕೆ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. ಪರದೇಶದಿಂದ ಬಂದು ಕಂದಾಯ ಎತ್ತಿದ ಅಧಿಕಾರಿಯ ಹೆಸರು ನಮ್ಮ ಜನರ ತೊಟ್ಟಿಲಿಗೆ ಬಂದದ್ದು ಅಪರೂಪದ ಸಂಗತಿ. ಈ ಹೆಸರು ಹೊರಟದ್ದು ಎಲ್ಲಿಂದ, ಇದನ್ನು ಹೊತ್ತ ಬೇರೆಯವರು ಯಾರು ಎಂದು ಹುಡುಕಹೊರಟರೆ ದಾರಿ ಎರಡು ಮೂರು ಖಂಡಗಳಿಗೆ ಕವಲೊಡೆಯುತ್ತದೆ.

ಮೂಲ ನೆಲೆ ಸ್ಕಾಟ್ಲೆಂಡಿನ ಉತ್ತರದ ಈಸ್ಟರ್ ರಾಸ್. ಕ್ರೋಮಾರ್ಟಿ ಎಂಬ ಕಡಲಚಾಚಿನ ದಂಡೆಯಲ್ಲಿ ಫೌಲಿಸ್ ಕೋಟೆಮನೆ. ಮನ್ರೋ ಕುಲದ ಮುಖ್ಯಸ್ಥರು ಇಂದಿಗೂ ಆ ಊರಿನ ಹೆಸರಿನಿಂದಲೇ ಗುರುತಾಗುತ್ತಾರೆ. ಅರಸ ಕೇಳಿದರೆ ನಡುಬೇಸಿಗೆಯಲ್ಲೂ ಒಂದು ಹಿಮದುಂಡೆ ತಂದೊಪ್ಪಿಸಬೇಕು ಎಂಬ ಷರತ್ತಿನ ಮೇಲೆ ಈ ಭೂಮಿ ಅವರಿಗೆ ಸಿಕ್ಕಿತ್ತು ಎಂಬ ಪ್ರತೀತಿ ಇದೆ. ಹತ್ತಿರದ ಬೆನ್ ವೈವಿಸ್ ಬೆಟ್ಟದ ಕಮರಿಗಳಲ್ಲಿ ಹಿಮ ಬಹಳ ಕಾಲ ಕರಗದೆ ಉಳಿಯುವುದರಿಂದ ಅದು ಕಷ್ಟದ ಕಪ್ಪವೇನೂ ಆಗಿರಲಿಲ್ಲ. ಕುಲದ ಹೆಸರು ಹೊತ್ತವರೆಲ್ಲ ಒಂದೇ ರಕ್ತದವರಲ್ಲ. ಒಡೆಯನ ನೆಲದಲ್ಲಿ ಉತ್ತವರು, ಅವನ ರಕ್ಷಣೆಯಲ್ಲಿ ಬಾಳಿದವರು ಕೂಡ ಒಡೆಯನ ಹೆಸರನ್ನೇ ಇಟ್ಟುಕೊಳ್ಳುವುದು ಆ ನಾಡಿನ ರೂಢಿ. ಹಾಗಾಗಿ ಇಲ್ಲಿ ಬರುವವರನ್ನು ಒಂದೇ ವಂಶವೃಕ್ಷಕ್ಕೆ ಕಟ್ಟಲಾಗದು. ಅವರನ್ನು ಹತ್ತಿರ ತಂದದ್ದು ಬೇರೊಂದು: ಹದಿನೆಂಟನೆಯ ಶತಮಾನದ ಯುದ್ಧಗಳು.

ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಅಮೆರಿಕದ ವರ್ಜೀನಿಯಾದಿಂದ ಹೊಗೆಸೊಪ್ಪು ತರಿಸಿ ಮಾರುತ್ತಿದ್ದ ವರ್ತಕ. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ದಂಗೆಯೆದ್ದಾಗ ಆ ವ್ಯಾಪಾರ ಕುಸಿಯಿತು, ಮನೆ ದಿವಾಳಿಯ ಅಂಚಿಗೆ ಬಂತು. ಅದೇ ಯುದ್ಧದಲ್ಲಿ, 1776ರ ಡಿಸೆಂಬರಿನಲ್ಲಿ, ಟ್ರೆಂಟನ್ ಎಂಬಲ್ಲಿ ಬ್ರಿಟನ್ನಿನ ಪಡೆಗಳ ವಿರುದ್ಧ ಹೋರಾಡಿ ಭುಜಕ್ಕೆ ಗುಂಡೇಟು ತಿಂದ ವರ್ಜೀನಿಯಾದ ಹುಡುಗನೊಬ್ಬನಿದ್ದ. ಅವನ ಮುತ್ತಾತನ ತಂದೆ ಸ್ಕಾಟ್ಲೆಂಡಿನಿಂದ ವಲಸೆ ಹೋದ ಆಂಡ್ರ್ಯೂ ಮನ್ರೋ. ಹುಡುಗನ ಹೆಸರು ಜೇಮ್ಸ್ ಮನ್ರೋ. ಮುಂದೆ ಅಮೆರಿಕದ ಐದನೆಯ ಅಧ್ಯಕ್ಷನಾದ. ಯೂರೋಪಿನ ದೊರೆಗಳು ಇನ್ನು ಅಮೆರಿಕ ಖಂಡಗಳಲ್ಲಿ ಹೊಸದಾಗಿ ನೆಲ ಹಿಡಿಯಕೂಡದು ಎಂದು 1823ರಲ್ಲಿ ಸಾರಿದ ನೀತಿಗೆ ಅವನ ಹೆಸರೇ ನಿಂತಿತು. ಲೈಬೀರಿಯಾದ ರಾಜಧಾನಿ ಮನ್ರೋವಿಯಾಗೂ ಅವನದೇ ಹೆಸರು. ಒಬ್ಬ ಮನ್ರೋ ಗೆದ್ದ ಯುದ್ಧ ಇನ್ನೊಬ್ಬ ಮನ್ರೋನ ಮನೆಯನ್ನು ಬಡತನಕ್ಕೆ ತಳ್ಳಿತು. ಆ ಬಡತನವೇ ಥಾಮಸ್‌ನನ್ನು ಮದ್ರಾಸಿನ ಹಡಗು ಹತ್ತಿಸಿತು. 1820ರಿಂದ 1825ರವರೆಗೆ ಒಬ್ಬ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ, ಇನ್ನೊಬ್ಬ ಮದ್ರಾಸಿನಲ್ಲಿ ಗವರ್ನರ್. ಇಬ್ಬರೂ ಎಂದೂ ಭೇಟಿಯಾಗಲಿಲ್ಲ.

ಥಾಮಸ್ ಸಾಮಾನ್ಯ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದದ್ದು 1780ರ ಜನವರಿಯಲ್ಲಿ. ಆ ವರ್ಷವೇ ಹೈದರಾಲಿ ಕರ್ನಾಟಿಕ್ ಬಯಲಿಗೆ ನುಗ್ಗಿದ. ಎದುರಿಸಲು ಹೊರಟ ಕಂಪನಿ ಸೇನೆಯ ದಂಡನಾಯಕನೂ ಒಬ್ಬ ಮನ್ರೋ, ಈಸ್ಟರ್ ರಾಸ್‌ನ ನೋವರ್ ಎಸ್ಟೇಟಿನ ಹೆಕ್ಟರ್ ಮನ್ರೋ. 1764ರಲ್ಲಿ ಬಕ್ಸರ್ ಕದನ ಗೆದ್ದು ಬಂಗಾಳವನ್ನು ಕಂಪನಿಯ ಕೈಗಿತ್ತವನು ಇವನೇ. ಆ ಕದನಕ್ಕೆ ಮುಂಚೆ ದಂಗೆಯೆದ್ದ ತನ್ನದೇ ಸಿಪಾಯಿಗಳಲ್ಲಿ 24 ಮಂದಿಯನ್ನು ಫಿರಂಗಿ ಬಾಯಿಗೆ ಕಟ್ಟಿ ಸಿಡಿಸಿದವನೂ ಇವನೇ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಸುತ್ತುಗಟ್ಟಿ ನಿರ್ನಾಮ ಮಾಡಿದಾಗ ಹೆಕ್ಟರನ ಮುಖ್ಯ ಸೇನೆ ಕಾಂಚೀಪುರದಲ್ಲಿ, ಕೆಲವೇ ಹರದಾರಿ ದೂರದಲ್ಲಿತ್ತು. ನೆರವಿಗೆ ತುಕಡಿಯೊಂದನ್ನು ಕಳಿಸಿದ್ದನಾದರೂ ತಾನು ಹೊರಡುವಷ್ಟರಲ್ಲಿ ಕಾಲ ಮೀರಿತ್ತು. ಭಾರದ ಫಿರಂಗಿಗಳನ್ನು ಕೆರೆಗೆ ತಳ್ಳಿ ಅವನ ಸೇನೆ ಮದ್ರಾಸಿನತ್ತ ಹಿಮ್ಮೆಟ್ಟಿತು. ಹಿಮ್ಮೆಟ್ಟಿದವರ ಸಾಲಿನಲ್ಲಿ ಹತ್ತೊಂಬತ್ತರ ಥಾಮಸ್ ಇದ್ದ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ ಪಲ್ಲಕ್ಕಿಯೊಳಗೆ ಕುಳಿತ ಬೇಲಿಯ ಚಿತ್ರ ನೋಡಿದವರು ಆ ದಿನದ ಗೆಲುವನ್ನು ನೋಡಿದ್ದಾರೆ. ಗೋಡೆಯ ಆಚೆಗಿದ್ದ, ಸಮಯಕ್ಕೆ ಬಾರದ ಸೇನೆಯಲ್ಲಿ ಕನ್ನಡ ನಾಡಿನ ಕಂದಾಯದ ಚರಿತ್ರೆಯನ್ನೇ ಬದಲಿಸಲಿದ್ದ ಹುಡುಗನಿದ್ದ ಎಂಬುದನ್ನು ಅಲ್ಲಿ ನಿಂತಾಗ ನೆನೆಯಬೇಕು.

ಹೆಕ್ಟರನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1781ರಲ್ಲಿ ಡಚ್ಚರಿಂದ ನಾಗಪಟ್ಟಣ ಕಿತ್ತುಕೊಂಡು, ಹಣದೊಡನೆ ಊರು ಸೇರಿದ. ಫೈರಿಶ್ ಗುಡ್ಡದ ನೆತ್ತಿಯ ಮೇಲೆ ನಾಗಪಟ್ಟಣದ ಕೋಟೆ ಬಾಗಿಲನ್ನು ಹೋಲುವ ಕಲ್ಲಿನ ಕಮಾನುಗಳನ್ನು ಕಟ್ಟಿಸಿದ. ಅವು ಇಂದಿಗೂ ಇವೆ. ಬಡವರಿಗೆ ಕೂಲಿ ಸಿಗಲೆಂದು ಕಟ್ಟಿಸಿದ, ಕೆಲಸ ಹೆಚ್ಚು ದಿನ ನಡೆಯಲೆಂದು ಹೊತ್ತು ತಂದ ಕಲ್ಲನ್ನು ಕೆಳಕ್ಕುರುಳಿಸುತ್ತಿದ್ದ ಎಂದು ಅಲ್ಲಿಯ ಜನ ಹೇಳುತ್ತಾರೆ. ಜಮೀನುದಾರರು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸುತ್ತಿದ್ದ ಕಾಲ ಅದು. ಆ ಕೂಲಿ ಯಾರಿಗೆ ಏಕೆ ಬೇಕಾಗಿತ್ತು ಎಂಬುದನ್ನು ಬಿಟ್ಟು ಆ ಸ್ಮಾರಕದ ಚೆಂದವನ್ನಷ್ಟೇ ಹೊಗಳುವುದು ನನ್ನಿಂದಾಗದು. 1792ರ ಡಿಸೆಂಬರಿನಲ್ಲಿ ಗಂಗೆಯ ಮುಖದ ಸಾಗರ ದ್ವೀಪದಲ್ಲಿ ಬೇಟೆಗೆ ಹೋದ ಹೆಕ್ಟರನ ಮಗನನ್ನು ಹುಲಿ ಹೊತ್ತೊಯ್ದಿತು. ಬಿಳಿಯ ಸೈನಿಕನ ಮೇಲೆ ಎರಗಿದ ಮರದ ಹುಲಿ, ಟಿಪ್ಪುವಿನ ಆ ಪ್ರಸಿದ್ಧ ಯಂತ್ರದ ಗೊಂಬೆ, 1799ರ ಬಳಿಕ ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋಗಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪೊಳ್ಳಿಲೂರಿನ ಶತ್ರುವಿನ ಮಗ ಹುಲಿಗೆ ಬಲಿಯಾದ ಸುದ್ದಿಯೇ ಅದಕ್ಕೆ ಪ್ರೇರಣೆ ಎಂದು ಹಲವರು ಬರೆದಿದ್ದಾರೆ. ಹುಲಿ ಅದಕ್ಕೂ ಮುಂಚಿನಿಂದಲೇ ಟಿಪ್ಪುವಿನ ಲಾಂಛನವಾಗಿತ್ತು. ಆದ್ದರಿಂದ ಇದನ್ನು ಊಹೆ ಎಂದೇ ಇಟ್ಟುಕೊಳ್ಳುವುದು ಸರಿ.

ಟಿಪ್ಪು ಬಿದ್ದ ಮೇಲೆ ಮೈಸೂರಿನ ಹಂಚಿಕೆಯ ಮಂಡಳಿಗೆ ಥಾಮಸ್ ಮನ್ರೋ ಕಾರ್ಯದರ್ಶಿಗಳಲ್ಲೊಬ್ಬನಾದ. ಬಳಿಕ ಕೆನರಾ ಜಿಲ್ಲೆಗೆ ಕಳಿಸಿದರು. ಅವನಿಗೆ ಆ ಸೀಮೆ ಹಿಡಿಸಲಿಲ್ಲ, ವರ್ಗ ಕೇಳಿಕೊಂಡು 1800ರಲ್ಲೇ ಹೊರಟ. ಆದರೂ ಆ ಅಲ್ಪಾವಧಿಯಲ್ಲಿ ಅವನು ಕಂಡದ್ದು ಸಣ್ಣದಲ್ಲ. ಶಾನುಭೋಗರ ಬಳಿಯಿದ್ದ ಕರಿ ಕಡತಗಳನ್ನು ಓದಿಸಿ, ವಿಜಯನಗರದ ಕಾಲದಿಂದ ಕಂದಾಯ ಹೇಗೆ ಬೆಳೆಯಿತು ಎಂದು ಲೆಕ್ಕ ತೆಗೆದ. ಕರಾವಳಿಯ ನೆಲ ಸರ್ಕಾರದ್ದಲ್ಲ, ಮಾರುವ, ಒತ್ತೆಯಿಡುವ, ಮಕ್ಕಳಿಗೆ ಬಿಡುವ ಹಕ್ಕಿರುವ ಖಾಸಗಿ ಸ್ವತ್ತು. ಅದರ ಕೆಳಗೆ ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳಿವೆ ಎಂದು ಮೇಲಿನವರಿಗೆ ಬರೆದ. ಭಾರತದಲ್ಲಿ ನೆಲವೆಲ್ಲ ಅರಸನದು ಎಂದು ನಂಬಿದ್ದವರ ನಡುವೆ ಇದು ದಿಟ್ಟ ಮಾತು.

1800ರಿಂದ ಏಳು ವರ್ಷ ಅವನು ದತ್ತ ಮಂಡಲದಲ್ಲಿ, ಅಂದರೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಕಡೆ. ಸುಮಾರು 80 ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಮಣಿಸಿದ. ಆ ಬಲಾತ್ಕಾರದ ಬಗ್ಗೆ ಕಂಪನಿಯ ನಿರ್ದೇಶಕರೇ ಆಕ್ಷೇಪಿಸಿದ್ದುಂಟು. 1802ರಲ್ಲಿ ಹೊಲಗಳ ಅಳತೆ ಶುರುವಾಯಿತು. ಗುಮಾಸ್ತರು ಸರಪಳಿ ಹಿಡಿದು ಊರೂರು ತಿರುಗಿದರು. ಪ್ರತಿ ಹೊಲಕ್ಕೂ ವಿಸ್ತೀರ್ಣ, ಮಣ್ಣಿನ ತರ, ತೆರಿಗೆ. ಜಮೀನ್ದಾರನನ್ನು ನಡುವೆ ನಿಲ್ಲಿಸದೆ ಸರ್ಕಾರ ನೇರವಾಗಿ ರೈತನೊಡನೆ ವ್ಯವಹರಿಸುವ ರೈತವಾರಿ ಪದ್ಧತಿ ಅದು. ಅದನ್ನು ಬಾರಾಮಹಲಿನಲ್ಲಿ ಆರಂಭಿಸಿದವನು ಅವನ ಹಿರಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್. ಬೆಳೆಸಿ, ವಾದಿಸಿ, ನಿಲ್ಲಿಸಿದವನು ಮನ್ರೋ. ದರ ಮಾತ್ರ ಭಾರವಾಗಿತ್ತು, ಫಸಲಿನ ನೂರಕ್ಕೆ 45ರಷ್ಟು. ರೈತ ಇದನ್ನು ತಾಳಲಾರ, ಕಾಲುಭಾಗ ಇಳಿಸಿ ಎಂದು 1807ರಲ್ಲಿ ಅವನೇ ಬರೆದ, ಮದ್ರಾಸು ಒಪ್ಪಲಿಲ್ಲ. ಮನ್ರೋನನ್ನು ರೈತಬಂಧು ಎಂದು ಕೊಂಡಾಡುವವರೂ, ಸುಲಿಗೆಯ ಯಂತ್ರ ಕಟ್ಟಿದವನೆಂದು ತಳ್ಳಿಹಾಕುವವರೂ ಈ ಪತ್ರವನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು. ತಾನೇ ಕಟ್ಟಿದ ಲೆಕ್ಕ ತಪ್ಪಿದೆ ಎಂದು ಮೇಲಧಿಕಾರಿಗೆ ಬರೆಯುವ ಅಧಿಕಾರಿ ಯಾವ ಕಾಲಕ್ಕೂ ವಿರಳ.

1817–18ರಲ್ಲಿ ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಅವನು ಧಾರವಾಡದಿಂದ ಹೊರಟು ಗದಗ, ಡಂಬಳ, ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ. ಗವರ್ನರ್ ಆದ ಮೇಲೆ, 1822ರಲ್ಲಿ, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡಿ ಎಂದು ಆಜ್ಞೆ ಹೊರಡಿಸಿದ. ಬಳ್ಳಾರಿಯಿಂದ ಮರುವರ್ಷ ಬಂದ ವರದಿಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ ಒಂದು. ನಮ್ಮ ಊರುಗಳ ಜಗಲಿಯ ಶಾಲೆಗಳ ಬಗ್ಗೆ ಇಂದು ಅಂಕಿ ಸಮೇತ ಮಾತಾಡಲು ಸಾಧ್ಯವಾಗಿರುವುದು ಆ ಒಂದು ಆಜ್ಞೆಯಿಂದ. ಮಂತ್ರಾಲಯದ ಐತಿಹ್ಯದಷ್ಟೇ ಇದೂ ಮನೆಮನೆಗೆ ಗೊತ್ತಿರಬೇಕಿತ್ತು. 1827ರ ಜುಲೈ 6ರಂದು, ತಾನು ಅಳೆಸಿದ ಸೀಮೆಯಲ್ಲೇ ಕೊನೆಯ ಪ್ರವಾಸದಲ್ಲಿದ್ದಾಗ, ಪತ್ತಿಕೊಂಡದಲ್ಲಿ ಕಾಲರಾ ಅವನನ್ನು ಒಯ್ದಿತು.

ದಕ್ಷಿಣದ ಇನ್ನೊಬ್ಬ ಮನ್ರೋನನ್ನು ಇವನೆಂದೇ ತಿಳಿಯುವವರಿದ್ದಾರೆ. ಕರ್ನಲ್ ಜಾನ್ ಮನ್ರೋ ಬೇರೆ. ನೋವರಿನ ನೆರೆಯ ಟೀನಿನಿಕ್ ಮನೆತನದವನು, ತಿರುವಾಂಕೂರಿನ ರೆಸಿಡೆಂಟ್, 1811ರಿಂದ ಮೂರು ವರ್ಷ ಅಲ್ಲಿಯ ದಿವಾನ. ಕೊಲ್ಲಂ ಬಳಿ ಕಲ್ಲಡ ನದಿ ಅಷ್ಟಮುಡಿ ಹಿನ್ನೀರಿಗೆ ಸೇರುವಲ್ಲಿರುವ ಮನ್ರೋ ತುರುತ್ತು ಅವನ ಹೆಸರಿನದು.

ಸೇನೆ, ಆಡಳಿತಗಳ ಆಚೆಗೂ ಈ ಹೆಸರು ಹಬ್ಬಿತು. ಎಡಿನ್‌ಬರೋದಲ್ಲಿ ಅಲೆಕ್ಸಾಂಡರ್ ಮನ್ರೋ ಎಂಬ ಒಂದೇ ಹೆಸರಿನ ಅಜ್ಜ, ಮಗ, ಮೊಮ್ಮಗ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಪೀಠವನ್ನು 1720ರಿಂದ 1846ರವರೆಗೆ, 126 ವರ್ಷ, ಕೈಬಿಡಲಿಲ್ಲ. ಮಿದುಳಿನೊಳಗಿನ ಒಂದು ರಂಧ್ರಕ್ಕೆ ಎರಡನೆಯವನ ಹೆಸರಿದೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳೂ ಅದನ್ನು ಬಾಯಿಪಾಠ ಮಾಡುತ್ತಾರೆ. ಮೂರನೆಯವನ ಪಾಠ ಕೇಳಿ ಬೇಸತ್ತವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ.

ಸಾಹಿತ್ಯದಲ್ಲೂ ಈ ಹೆಸರಿದೆ. ಇಂಗ್ಲಿಷ್ ಕಥೆಗಾರ ಸಾಕಿಯ ನಿಜನಾಮ ಹೆಕ್ಟರ್ ಹ್ಯೂ ಮನ್ರೋ. ಹುಟ್ಟಿದ್ದು 1870ರಲ್ಲಿ ಬರ್ಮಾದ ಅಕ್ಯಾಬ್ ಬಂದರಿನಲ್ಲಿ, ಪೊಲೀಸ್ ಅಧಿಕಾರಿಯ ಮಗನಾಗಿ. ಆ ಅರಾಕಾನ್ ಕರಾವಳಿ ಬ್ರಿಟಿಷರ ಪಾಲಾದದ್ದು ಮೊದಲ ಬರ್ಮಾ ಯುದ್ಧದಲ್ಲಿ. ಆ ಯುದ್ಧಕ್ಕೆ ಮದ್ರಾಸಿನಿಂದ ಸೇನೆ, ಸಾಮಗ್ರಿ ಒದಗಿಸಿದ್ದಕ್ಕಾಗಿಯೇ ಥಾಮಸ್ ಮನ್ರೋಗೆ 1825ರಲ್ಲಿ ಬ್ಯಾರೊನೆಟ್ ಪದವಿ ಸಿಕ್ಕಿತು. ಎರಡು ವರ್ಷದ ಮಗುವಾಗಿದ್ದಾಗ ತಾಯಿಯನ್ನು ಕಳೆದುಕೊಂಡು, ಗದರುವ ಅತ್ತೆಯರ ಕೈಯಲ್ಲಿ ಬೆಳೆದ ಸಾಕಿಯ ಕಥೆಗಳಲ್ಲಿ ಮಕ್ಕಳೂ ಪ್ರಾಣಿಗಳೂ ದೊಡ್ಡವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ. ವಯಸ್ಸು ಮೀರಿದ್ದರೂ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿ, 1916ರ ನವೆಂಬರಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗುಂಡಿಗೆ ಬಲಿಯಾದ. 2013ರಲ್ಲಿ ನೊಬೆಲ್ ಪಡೆದ ಕೆನಡಾದ ಆಲಿಸ್ ಮನ್ರೋ ಅವರದು ಹುಟ್ಟಿನಿಂದ ಲೇಡ್‌ಲಾ ಮನೆತನ. ಮನ್ರೋ ಎಂಬುದು ಮೊದಲ ಗಂಡನಿಂದ ಬಂದದ್ದು. ಆ ಮದುವೆ ಮುರಿದ ಮೇಲೂ ಪುಸ್ತಕಗಳ ಮೇಲೆ ಹೆಸರು ಉಳಿಯಿತು.

ಮತ್ತೆ ಥಾಮಸ್‌ನ ಮನೆಗೆ ಬಂದರೆ, ಬ್ಯಾರೊನೆಟ್ ಪದವಿ ಅವನಿಂದ ಹಿರಿಯ ಮಗನಿಗೆ, ಬಳಿಕ ಕಿರಿಯ ಮಗ ಕ್ಯಾಂಬೆಲ್‌ಗೆ, 1913ರಲ್ಲಿ ಕ್ಯಾಂಬೆಲ್‌ನ ಮಗ ಹ್ಯೂ ಮನ್ರೋಗೆ ಇಳಿಯಿತು. ಇಂದು ಸ್ಕಾಟ್ಲೆಂಡಿನಲ್ಲಿ ಮನ್ರೋ ಎಂದರೆ ಮೊದಲು ನೆನಪಾಗುವವನು ಈ ಮೊಮ್ಮಗ. ಹುಟ್ಟಿದ್ದು 1856ರಲ್ಲಿ. ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ಬಿನ ಮೊದಲ ಸದಸ್ಯರಲ್ಲೊಬ್ಬ. ದೇಶದಲ್ಲಿ 3,000 ಅಡಿ ಮೀರಿದ ಬೆಟ್ಟಗಳು ಮೂವತ್ತರಷ್ಟಿರಬಹುದು ಎಂದು ಜನ ಅಂದಾಜು ಮಾಡುತ್ತಿದ್ದ ಕಾಲದಲ್ಲಿ ಅವನು ನಕ್ಷೆಗಳನ್ನು ಹರಡಿಕೊಂಡು, ಅನುಮಾನ ಬಂದಲ್ಲಿ ತಾನೇ ಏರಿ ಎತ್ತರ ನೋಡಿ, 1891ರಲ್ಲಿ ಪಟ್ಟಿ ಪ್ರಕಟಿಸಿದ: ಉಪಶಿಖರಗಳೂ ಸೇರಿ 538, ಅವುಗಳಲ್ಲಿ ಪ್ರತ್ಯೇಕ ಬೆಟ್ಟಗಳು 283. ಅಜ್ಜ ಬಳ್ಳಾರಿಯ ಹೊಲಗಳಿಗೆ ಮಾಡಿಸಿದ್ದನ್ನು ಮೊಮ್ಮಗ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಮಾಡಿದ ಎನ್ನದೆ ಇರಲಾರೆ. ಒಂದೊಂದನ್ನೂ ನೋಡು, ಅಳೆ, ಬರೆ, ತಪ್ಪಿದ್ದರೆ ತಿದ್ದು. ಅವನೂ ಸಾಯುವತನಕ ಪಟ್ಟಿ ತಿದ್ದುತ್ತಲೇ ಇದ್ದ. ಸ್ಕೈ ದ್ವೀಪದ, ‘ಏರಲಾಗದ ಕೊಂಬು’ ಎಂದೇ ಹೆಸರಾದ ಕಡಿದಾದ ಬಂಡೆ ಕೊನೆಗೂ ಅವನಿಗೆ ದಕ್ಕಲಿಲ್ಲ. ಪಟ್ಟಿಯ ಬೆಟ್ಟಗಳನ್ನು ಮೊದಲು ಮುಗಿಸಿದವನೆಂಬ ಕೀರ್ತಿ 1901ರಲ್ಲಿ ಎ. ಇ. ರಾಬರ್ಟ್‌ಸನ್ ಎಂಬ ಪಾದ್ರಿಗೆ ಸಂದಿತು. 1919ರಲ್ಲಿ, ಫ್ರಾನ್ಸಿನ ತಾರಸ್ಕೋನ್ ಪಟ್ಟಣದಲ್ಲಿ ಸೈನಿಕರಿಗಾಗಿ ಕ್ಯಾಂಟೀನ್ ನಡೆಸುತ್ತಿದ್ದಾಗ, ಹ್ಯೂ ಮನ್ರೋ ತೀರಿಕೊಂಡ.

ಈಗ ಆ ಬೆಟ್ಟಗಳನ್ನೇ ಮನ್ರೋಗಳು ಎನ್ನುತ್ತಾರೆ. ಕುಲದ ತವರಿನ ಬೆನ್ ವೈವಿಸ್ ಕೂಡ ಅವುಗಳಲ್ಲೊಂದು. ಸಾವಿರಾರು ಜನ ವರ್ಷಗಟ್ಟಲೆ ರಜೆ ಕೂಡಿಸಿಕೊಂಡು ಎಲ್ಲವನ್ನೂ ಏರಿ ಮುಗಿಸಿದ್ದಾರೆ, ತಮ್ಮ ಹೆಸರನ್ನು ಕ್ಲಬ್ಬಿನ ದಾಖಲೆಗೆ ಸೇರಿಸಿದ್ದಾರೆ. ಅಳತೆಯೂ ನಿಂತಿಲ್ಲ. ಉಪಗ್ರಹದ ನೆರವಿನಿಂದ ಮತ್ತೆ ಅಳೆದಾಗ 3,000 ಅಡಿಗೆ ಸ್ವಲ್ಪವೇ ಕಡಿಮೆ ಎಂದು ಕಂಡು 2009ರಲ್ಲಿ ಒಂದು ಬೆಟ್ಟವನ್ನು, 2012ರಲ್ಲಿ ಇನ್ನೊಂದನ್ನು ಪಟ್ಟಿಯಿಂದ ಕೈಬಿಟ್ಟರು. ಸದ್ಯ ಉಳಿದಿರುವ ಮನ್ರೋಗಳು 282.