ಚಳಿಗಾಲದ ಹೊಗೆ ಊರಲ್ಲೇ ಯಾಕೆ ನಿಲ್ಲುತ್ತೆ?

ಡಿಸೆಂಬರ್ ಬಂತು ಅಂದ್ರೆ ನಮ್ಮ ಬಳ್ಳಿಗಾವಿ ಸುತ್ತಮುತ್ತ ಹೊಗೆ ಜಾಸ್ತಿ. ಒಂದು ಕಡೆ ಅಡಿಕೆ ಬೇಯಿಸೋ ಒಲೆ, ಇನ್ನೊಂದು ಕಡೆ ಮೆಕ್ಕೆಜೋಳದ ದಂಟಿಗೆ, ತೋಟದ ದರಗಿಗೆ ಬೆಂಕಿ. ಬೇಸಿಗೆ ಮಧ್ಯಾಹ್ನದ ಹೊಗೆ ನೋಡನೋಡುತ್ತಲೇ ಮೇಲೆ ಹೋಗುತ್ತೆ. ಚಳಿಗಾಲದ ಸಂಜೆಯ ಹೊಗೆ ಬೆಳಗಿನ ತನಕ ಕೇರಿಯಲ್ಲೇ ಇರುತ್ತೆ. ಬೆಂಕಿ ಅದೇ, ಬದಲಾಗಿದ್ದು ಹವಾಮಾನ.

ಮಂಗಳೂರಿನ ಗಾಳಿ

ಮಂಗಳೂರಿನಲ್ಲಿ ಬಂದರು, ಕಾರ್ಖಾನೆ, ವಾಹನ ಎಲ್ಲಾ ಇವೆ. ಆದರೆ ಹಗಲು ನೆಲ ಬೇಗ ಕಾಯುತ್ತೆ, ಕಡಲಿನಿಂದ ಗಾಳಿ ಒಳನಾಡಿಗೆ ಬೀಸಿ ಹೊಗೆಯನ್ನು ಚದುರಿಸುತ್ತೆ. ರಾತ್ರಿ ನೆಲ ಬೇಗ ತಣಿಯುತ್ತೆ, ಗಾಳಿ ಕಡಲ ಕಡೆ ತಿರುಗುತ್ತೆ. ಹಾಗಂತ ಕಡಲೂರು ಪೂರ್ತಿ ಬಚಾವ್ ಅಂತಲ್ಲ. ರಾತ್ರಿ ಕಡಲಿಗೆ ಹೋದ ಹೊಗೆಯಲ್ಲಿ ಒಂದಷ್ಟು ಮರುದಿನ ಅದೇ ಗಾಳಿಯಲ್ಲಿ ವಾಪಸ್ ಬರಬಹುದು. ಎರಡು ಗಾಳಿ ಬದಲಾಗೋ ಹೊತ್ತಲ್ಲಿ ಗಾಳಿ ಸುಮ್ಮನಾದರೆ ಅಲ್ಲೂ ಹೊಗೆ ನಿಲ್ಲುತ್ತೆ. ಮಳೆಗಾಲದಲ್ಲಿ ಮಾತ್ರ ಜೋರು ಗಾಳಿ, ಮಳೆ ಎರಡೂ ಸೇರಿ ಆಕಾಶ ತೊಳೆಯುತ್ತವೆ.

ನಮ್ಮಲ್ಲಿ ಆಗೋದೇನು?

ನಾವು ಘಟ್ಟದ ಮೇಲಿನವರು, ಕಡಲ ಗಾಳಿಯನ್ನು ನೆಚ್ಚಿಕೊಳ್ಳೋ ಹಾಗಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ಚಳಿ ರಾತ್ರಿ ನೆಲ ತಣ್ಣಗಾಗುತ್ತೆ. ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ ಕೆಳಗೇ ಕೂರುತ್ತೆ. ಮೇಲಿನ ಗಾಳಿ ಬೆಚ್ಚಗಿರುತ್ತೆ. ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ! ಕೆಳಗಿನ ಹೊಗೆ ಆ ಮುಚ್ಚಳ ದಾಟಲ್ಲ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಅದು ಒಡೆಯುತ್ತೆ. ಹಾಗಾಗಿ ದಮ್ಮು ಇರೋ ಹಿರಿಯರಿಗೆ, ಎಳೆ ಮಕ್ಕಳಿಗೆ ಮುಂಜಾನೆಯೇ ಕಷ್ಟದ ಹೊತ್ತು. ಹೊಗೆಯ ಸೂಕ್ಷ್ಮ ಕಣಗಳು (ಪಿಎಂ 2.5) ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು.

ನಾವು ಮಾಡಬಹುದಾದದ್ದು

• ಒಲೆ ಹಚ್ಚೋ ಮೊದಲು ಮನೆ ಹೊಗೆ ನೋಡಿ. ಹೊಗೆ ನೆಟ್ಟಗೆ ಮೇಲೆ ಹೋಗದೆ ಮಾಡಿನ ಮಟ್ಟದಲ್ಲೇ ಹಾಸಿಕೊಂಡರೆ ಮುಚ್ಚಳ ಬಿದ್ದಿದೆ ಅಂತ ಅರ್ಥ.

• ಅಡಿಕೆ ಬೇಯಿಸೋದನ್ನು ಆದಷ್ಟು ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ ಮುಗಿಸಿ. ಒಣ ಸೌದೆಯನ್ನೇ ಹಾಕಿ, ಹಸಿ ಸೌದೆ ಹೊಗೆ ಜಾಸ್ತಿ.

• ದಂಟು, ಹುಲ್ಲು, ದರಗು ಸುಡಲೇಬೇಡಿ. ಮಧ್ಯಾಹ್ನ ಸುಟ್ಟರೆ ಹೊಗೆ ಮೇಲೆ ಹೋಗಬಹುದು, ಆದರೆ ಒಣ ಹುಲ್ಲಿನ ಕಾಲದಲ್ಲಿ ಬೆಂಕಿ ಪಕ್ಕದ ತೋಟಕ್ಕೆ ಹಾರುತ್ತೆ.

• ದಂಟು ಕತ್ತರಿಸಿ, ಸಗಣಿ ಬಗ್ಗಡ ಚಿಮುಕಿಸಿ ಗುಂಡಿಗೆ ತುಂಬಿ. ತೇವ ಆರದ ಹಾಗೆ ನೋಡಿಕೊಂಡು, ನಡುವೆ ತಿರುವಿ ಹಾಕಿದರೆ ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ ರೆಡಿ. ದರಗು ಅಡಿಕೆ ಬುಡಕ್ಕೆ ಮುಚ್ಚಿಗೆಯಾಗಲಿ, ಬೇಸಿಗೆಯಲ್ಲಿ ತೇವ ಉಳಿಯುತ್ತೆ.

ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೋ ಸಾರಜನಕ, 400 ಕಿಲೋ ಸಾವಯವ ಇಂಗಾಲ ಹೋಗುತ್ತೆ ಅಂತ ಲೆಕ್ಕ. ಅದೇ ಸಾರಜನಕವನ್ನು ಆಮೇಲೆ ನಾವು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರ್ತೀವಿ. ಗಾಳಿ ಬೀಸೋದು ನಮ್ಮ ಕೈಲಿಲ್ಲ, ಕಡ್ಡಿ ಗೀರೋದು ನಮ್ಮ ಕೈಲೇ ಇದೆ.