ಪಹಣಿಯ ವಿಸ್ತೀರ್ಣದಲ್ಲಿ ವ್ಯತ್ಯಾಸ: ದೋಷದ ಮೂಲವನ್ನು ಪತ್ತೆಹಚ್ಚುವ ಕ್ರಮ

ಕೈಬರಹದ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯು ರಾಜ್ಯಾದ್ಯಂತ ವಿಸ್ತರಣೆಗೊಳ್ಳುವ ಮೊದಲು ಪ್ರಾಯೋಗಿಕವಾಗಿ ಜಾರಿಗೊಂಡ ತಾಲ್ಲೂಕುಗಳಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ಸಹ ಒಂದಾಗಿತ್ತು. ಮುಂದೆ ಸುಮಾರು 2 ಕೋಟಿ ಪಹಣಿಗಳು ಈ ವ್ಯವಸ್ಥೆಗೆ ಒಳಪಟ್ಟವು. ಇಷ್ಟು ದಾಖಲೆಗಳನ್ನು ನಿರ್ವಹಿಸುವ ತಂತ್ರಾಂಶವು ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

‘ತಂತ್ರಾಂಶ ಸರಿಯಾಗಿದೆ’ ಎಂಬುದು ವಿಜ್ಞಾನದ ಭಾಷೆಯಲ್ಲಿ ಒಂದು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷೆಗೆ ಒಡ್ಡಬೇಕಾದ ಊಹೆ. ಅದನ್ನು ಸಮರ್ಥಿಸುವ ಉದಾಹರಣೆಗಳನ್ನು ಕೂಡಿಹಾಕುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದು ಸುಳ್ಳಾಗಬಹುದಾದ ಸಂದರ್ಭವನ್ನೇ ಹುಡುಕಬೇಕು. ಉದಾಹರಣೆಗೆ, 10 ಗುಂಟೆ ಮತ್ತು 15 ಗುಂಟೆ ಕೂಡಿದರೆ 25 ಗುಂಟೆ. ಎಕರೆಗೆ 40 ಗುಂಟೆ ಎಂಬುದನ್ನು ಅರಿಯದ ತಂತ್ರಾಂಶವೂ ಈ ಉತ್ತರವನ್ನು ನೀಡಬಲ್ಲದು. ಆದರೆ 1 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿಸಿದಾಗ 3 ಎಕರೆ 10 ಗುಂಟೆ ಬರಬೇಕು. 2 ಎಕರೆ 50 ಗುಂಟೆ ಎಂದು ಬಂದಲ್ಲಿ ದೋಷ ಬಯಲಾಗುತ್ತದೆ. ಮೊದಲನೆಯ ಪರೀಕ್ಷೆಯನ್ನು ನೂರು ಬಾರಿ ಮಾಡಿದರೂ ಎರಡನೆಯದರ ಒಂದು ಬಾರಿಗೆ ಸಮನಾಗದು.

ಇದೇ ಕ್ರಮವು ಅರ್ಜಿದಾರರಿಗೂ ಉಪಯುಕ್ತ. ಪಹಣಿಯಲ್ಲಿ ಕೆಲವೇ ಗುಂಟೆ ಕಡಿಮೆಯಾದರೂ ಬೆಳೆ ಸಾಲ, ಭೂಸ್ವಾಧೀನ ಪರಿಹಾರ, ಕುಟುಂಬದ ವಿಭಾಗ ಎಲ್ಲದಕ್ಕೂ ತೊಡಕಾಗುತ್ತದೆ. ಇಂತಹ ವ್ಯತ್ಯಾಸಗಳಿಗೆಲ್ಲ ‘ಕಂಪ್ಯೂಟರ್ ತಪ್ಪು’ ಎನ್ನುವುದು ರೂಢಿಯಾಗಿದೆ. ಅದು ಸಾಧ್ಯವಿರುವ ಮೂರು ಕಾರಣಗಳಲ್ಲಿ ಒಂದು ಮಾತ್ರ, ಬಹುಶಃ ಅಪರೂಪದ್ದು.

ದೋಷವು ತಂತ್ರಾಂಶದ್ದಾಗಿದ್ದರೆ ಅದೇ ಬಗೆಯ ಇತರ ಸರ್ವೆ ನಂಬರುಗಳಲ್ಲಿಯೂ ಕಾಣಿಸಿಕೊಳ್ಳಬೇಕು. ಆಗ ಒಂದು ಪಹಣಿಯನ್ನಷ್ಟೇ ತಿದ್ದಿದರೆ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಹಳೆಯ ಕೈಬರಹದ ಪಹಣಿಯಲ್ಲಿ ಸರಿಯಾಗಿದ್ದು, ಗಣಕೀಕೃತ ಪ್ರತಿಯಲ್ಲಿ ಆ ಒಂದು ಸರ್ವೆ ನಂಬರಿನಲ್ಲಿ ಮಾತ್ರ ತಪ್ಪಿದ್ದರೆ, ನಮೂದಿಸುವಾಗ ಆದ ಲೋಪವೆಂದು ಊಹಿಸಬಹುದು. ಆದರೆ ನಡುವೆ ಕ್ರಯ, ದಾನ ಅಥವಾ ವಿಭಾಗ ನಡೆದಿಲ್ಲವೆಂಬುದನ್ನು ಮ್ಯುಟೇಷನ್ ವಹಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕೈಬರಹದ ಪಹಣಿಯಲ್ಲಿಯೇ ಅದೇ ಅಂಕಿ ಇದ್ದರೆ ತಪ್ಪು ಗಣಕೀಕರಣಕ್ಕಿಂತ ಹಳೆಯದು. ಸರ್ವೆ ದಾಖಲೆಗಳ ಪರಿಶೀಲನೆ ಮತ್ತು ವಿಚಾರಣೆ ಅಗತ್ಯವಾಗುತ್ತದೆ.

ಖರಾಬು ಜಮೀನನ್ನು ಕಳೆದ ನಂತರದ ವಿಸ್ತೀರ್ಣವನ್ನು ಕಾಲಂ 9ರಲ್ಲಿನ ಎಲ್ಲ ಹಕ್ಕುದಾರರ ವಿಸ್ತೀರ್ಣದ ಮೊತ್ತದೊಂದಿಗೆ ಹೋಲಿಸಿ ನೋಡುವ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು.

ಅರ್ಜಿಯೊಂದಿಗೆ ಹಳೆಯ ಪಹಣಿ, ಈಗಿನ ಪಹಣಿ ಹಾಗೂ ಮ್ಯುಟೇಷನ್ ಪ್ರತಿಗಳನ್ನು ಲಗತ್ತಿಸಿ, ವ್ಯತ್ಯಾಸವಿರುವ ಕಾಲಂ ಅನ್ನು ಸ್ಪಷ್ಟವಾಗಿ ನಮೂದಿಸಿ, ಮಂಡ್ಯ, ಮದ್ದೂರು ಅಥವಾ ಮಳವಳ್ಳಿಯ ಸಂಬಂಧಪಟ್ಟ ತಹಶೀಲ್ದಾರರಿಗೆ ಸಲ್ಲಿಸುವುದು. ಹಕ್ಕು ಬದಲಾವಣೆಯ ಆದೇಶದಿಂದ ಬಾಧಿತರಾದವರು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 136ರನ್ವಯ ಮಂಡ್ಯ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.