ಶೇ. 30 ಬದಲಾಯಿಸಿದರೆ ಚಿತ್ರ ನಿಮ್ಮದಾಗುತ್ತದೆಯೇ? ಫ್ಯಾನ್ ಆರ್ಟ್ ಮಾರುವವರಿಗೆ ಬರುವ ಫಾರ್ವರ್ಡ್‌ನ ಅಸಲಿಯತ್ತು

ಚಿತ್ರ ಬಿಡಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಸಾರಾಂಶ ಇಷ್ಟು: ನೀವೇ ಕೈಯಾರೆ ಬಿಡಿಸಿದ್ದರೆ ಅದು ನಿಮ್ಮ ಸ್ವತ್ತು. ಮೂಲ ಚಿತ್ರದಲ್ಲಿ ಶೇ. 30ರಷ್ಟು ಬದಲಾಯಿಸಿ, ಕೆಳಗೆ ಕ್ರೆಡಿಟ್ ಹಾಕಿ, ಆಮೇಲೆ ಟೀ ಶರ್ಟ್, ಸ್ಟಿಕ್ಕರ್, ಕೀ ಚೈನ್ ಮಾಡಿ ಧೈರ್ಯವಾಗಿ ಮಾರಿ.

ಇದನ್ನು ನಂಬಿ ಸ್ಪೈಡರ್‌ಮ್ಯಾನ್, ಪಿಕಾಚು ಸ್ಟಿಕ್ಕರ್ ಮಾರುವ ಕಾಲೇಜು ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಏನೂ ಆಗದಿರುವುದಕ್ಕೆ ಕಾರಣ ಕಾನೂನಿನ ಅನುಮತಿ ಅಲ್ಲ, ಕಂಪನಿಯ ಕಣ್ಣಿಗೆ ಬೀಳದಿರುವುದು ಅಥವಾ ಕಂಡರೂ ಅದು ಸುಮ್ಮನಿರುವುದು. ಎರಡೂ ಒಂದೇ ಎಂದುಕೊಂಡರೆ ಕಷ್ಟ.

ಮೊದಲು ಶೇ. 30ರ ಲೆಕ್ಕ ನೋಡೋಣ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಇಂಥದ್ದೊಂದು ನಿಯಮವೇ ಇಲ್ಲ. ಶೇ. 10, 20, 30 ಯಾವುದೂ ಇಲ್ಲ. ನ್ಯಾಯಾಲಯಗಳು ಹಿಡಿಯುವ ಅಳತೆಗೋಲು ಬೇರೆಯೇ. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೇಳಿತು. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಎರಡನ್ನೂ ನೋಡಿದ ಸಾಮಾನ್ಯ ಮನುಷ್ಯನಿಗೆ 'ಇದು ಅದರ ನಕಲೇ' ಅನ್ನಿಸಿದರೆ ಅದು ಉಲ್ಲಂಘನೆ. ಅಂದಹಾಗೆ, ಆ ಕೇಸಿನಲ್ಲಿ ನಾಟಕಕಾರರು ಸೋತರು. ಸಿನಿಮಾದವರು ತೆಗೆದುಕೊಂಡದ್ದು ಐಡಿಯಾ ಮಾತ್ರ ಎಂದಾಯಿತು.

ಫ್ಯಾನ್ ಆರ್ಟ್‌ನ ಫಜೀತಿ ಇಲ್ಲೇ ಇದೆ. ನೋಡಿದ ತಕ್ಷಣ ಮೂಲ ಪಾತ್ರದ ಗುರುತು ಸಿಗಬೇಕು ಎಂಬುದೇ ಅದರ ಉದ್ದೇಶ. ಗುರುತು ಸಿಗದಿದ್ದರೆ ಯಾರೂ ಕೊಳ್ಳುವುದಿಲ್ಲ. ಸಿಕ್ಕರೆ ಕಾಪಿರೈಟ್ ಕಾಯ್ದೆ ಎದುರಿಗೆ ಬಂದು ನಿಲ್ಲುತ್ತದೆ. ಹಿಂದಿ ಕಾಮಿಕ್ಸ್ ಓದಿದವರಿಗೆ ನಾಗರಾಜ್ ನೆನಪಿರಬಹುದು. ಹಸಿರು ವೇಷ, ಹಾವುಗಳ ಶಕ್ತಿ. ಇನ್ನೊಬ್ಬ ಪ್ರಕಾಶಕರು ಅದೇ ಬಗೆಯ 'ನಾಗೇಶ್' ಎಂಬ ಪಾತ್ರ ತಂದಾಗ ದೆಹಲಿ ಹೈಕೋರ್ಟ್ 1996ರಲ್ಲಿ ತಡೆಯಿತು. ಹೆಸರು ಬದಲಾಗಿತ್ತು, ಚಿತ್ರವೂ ಹೊಸದಾಗಿ ಬರೆದದ್ದೇ. ಆದರೂ ಉಳಿಯಲಿಲ್ಲ.

ಕ್ರೆಡಿಟ್ ಹಾಕಿದರೆ? ಅದು ಸಭ್ಯತೆ, ಒಳ್ಳೆಯದೇ. ಆದರೆ ಪಕ್ಕದ ಮನೆಯ ಸ್ಕೂಟರ್ ಕೇಳದೆ ಒಯ್ದು, 'ಇದು ಪಕ್ಕದ ಮನೆಯವರದ್ದು' ಎಂದು ಬೋರ್ಡ್ ಹಾಕಿಕೊಂಡು ಬಾಡಿಗೆಗೆ ಓಡಿಸಿದ ಹಾಗೆ. ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿಗಳನ್ನು ಕೊಡುತ್ತದೆ ನಿಜ: ಸ್ವಂತ ಬಳಕೆ, ಅಧ್ಯಯನ, ವಿಮರ್ಶೆ, ಸುದ್ದಿ ವರದಿ. ಮನೆಯ ಗೋಡೆಗೆ ಟೋಟೊರೊ ಬಿಡಿಸಿಕೊಂಡರೆ ಯಾರೂ ಕೇಳರು. ಸ್ಟಿಕ್ಕರ್ ಮಾರಾಟ ಈ ಪಟ್ಟಿಯಲ್ಲಿಲ್ಲ. 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಶಿಕ್ಷೆ ಇಳಿಸಲು ಕೋರ್ಟಿಗೆ ಅವಕಾಶವಿದೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತು ಸ್ಟಿಕ್ಕರ್ ಮಾರಿದ ಹುಡುಗಿಯ ಮನೆಗೆ ನಾಳೆಯೇ ಪೊಲೀಸರು ಬರುತ್ತಾರೆ ಎಂದು ಹೆದರಿಸುತ್ತಿಲ್ಲ. ಸಾಮಾನ್ಯವಾಗಿ ಆಗುವುದು ಆನ್‌ಲೈನ್ ಅಂಗಡಿಯಿಂದ ಚಿತ್ರ ತೆಗೆದುಹಾಕುವುದು, ಖಾತೆ ಬಂದ್, ಇಲ್ಲವೇ ಒಂದು ನೋಟಿಸ್. ಆದರೆ ಫಾರ್ವರ್ಡ್ ಹೇಳುವ 'ಯಾರೂ ಏನೂ ಮಾಡಲಾಗದು' ಎಂಬುದು ಸುಳ್ಳು.

ಹಾಗಾದರೆ ಏನನ್ನೂ ಮಾರುವಂತಿಲ್ಲವೇ? ಇದೆ. ಕಾರುಗಳ ಹಿಂಗಾಜಿನ ಮೇಲಿನ ಕೇಸರಿ ಕಪ್ಪು ಹನುಮಂತನನ್ನೇ ನೋಡಿ. ಹುಬ್ಬು ಗಂಟಿಕ್ಕಿದ ಆ ಮುಖವನ್ನು 2015ರಲ್ಲಿ ರಚಿಸಿದವರು ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ, ಊರಿನ ಯುವಕರ ಬಾವುಟಕ್ಕಾಗಿ. ಹನುಮಂತ ಯಾರ ಸ್ವತ್ತೂ ಅಲ್ಲ. ನೀವೂ ನಿಮ್ಮ ಹನುಮಂತನನ್ನು ಬರೆಯಬಹುದು, ಮಾರಬಹುದು. ಆದರೆ ಆ ಹುಬ್ಬು, ಆ ನೋಟ, ಆ ಗೆರೆಗಳು ಒಬ್ಬ ಮನುಷ್ಯ ಕೂತು ಮಾಡಿದ ಕೆಲಸ. ದೇಶದ ರಸ್ತೆಗಳಲ್ಲೆಲ್ಲ ಆ ಸ್ಟಿಕ್ಕರ್ ಓಡಾಡಿತು, ಮಾರಿದವರು ಬೇರೆ ಬೇರೆ. ಡಿಸ್ನಿಯಂಥ ಕಂಪನಿಗೆ ನಾಲ್ಕು ಸ್ಟಿಕ್ಕರ್‌ನಿಂದ ಏನು ನಷ್ಟ ಎಂದು ಕೇಳುವವರು, ಮೂಲ ಕಲಾವಿದ ನಮ್ಮಂಥವನೇ ಆಗಿದ್ದಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ನನಗೆ ಈ ವಿಷಯದಲ್ಲಿ ನಿಜವಾಗಿ ಚುಚ್ಚುವುದು ಇದೇ.

ಹಳೆಯ ಕೃತಿಗಳ ಕತೆ ಬೇರೆ. ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಚಿತ್ರ ಎಲ್ಲರದು. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಸರಸ್ವತಿಯನ್ನು ಮಗ್‌ಗಳ ಮೇಲೆ ಅಚ್ಚು ಹಾಕಿಸಲು ಕಾಪಿರೈಟ್ ಅಡ್ಡ ಬರುವುದಿಲ್ಲ. ಶೈಲಿಗೂ ಕಾಪಿರೈಟ್ ಇಲ್ಲ. 2025ರಲ್ಲಿ ಎಲ್ಲರ ಡಿಪಿಯೂ ಜಿಬ್ಲಿ ಆಗಿತ್ತಲ್ಲ, ಆ ಬಗೆಯ ಬಣ್ಣ, ಗೆರೆಗಳಲ್ಲಿ ನಿಮ್ಮೂರಿನ ಕೆರೆ ಏರಿಯನ್ನು ನೀವೇ ಬರೆದು ಮಾರಬಹುದು. ಅದರ ಮೇಲೆ ಟೋಟೊರೊ ಕೂತರೆ ಮಾತ್ರ ತೊಂದರೆ.

ನಟರ ಚಿತ್ರ ಇನ್ನೂ ಸೂಕ್ಷ್ಮ. ಇಲ್ಲಿ ಎರಡು ಹಕ್ಕುಗಳಿವೆ. ಪೋಸ್ಟರ್ ಅಥವಾ ಫೋಟೋ ನೋಡಿ ಬರೆದಿದ್ದರೆ ಅದರ ಮಾಲೀಕರ ಕಾಪಿರೈಟ್, ಜತೆಗೆ ನಟರಿಗೆ ತಮ್ಮ ಹೆಸರು, ಮುಖದ ಮೇಲಿನ ಹಕ್ಕು. 2015ರಲ್ಲಿ ಮದ್ರಾಸ್ ಹೈಕೋರ್ಟ್ ರಜನಿಕಾಂತ್ ಪರವಾಗಿ, 2023ರಲ್ಲಿ ದೆಹಲಿ ಹೈಕೋರ್ಟ್ ಅನಿಲ್ ಕಪೂರ್ ಪರವಾಗಿ ಇಂಥ ಆದೇಶ ಕೊಟ್ಟವು. ಅದೇ ದೆಹಲಿ ಹೈಕೋರ್ಟ್ 2010ರಲ್ಲಿ ದಲೇರ್ ಮೆಹೆಂದಿ ಗೊಂಬೆಗಳ ಮಾರಾಟ ತಡೆದಾಗ, ವ್ಯಂಗ್ಯಚಿತ್ರ, ಅಣಕಗಳಿಗೆ ಇದನ್ನು ಅಡ್ಡಿಯಾಗಿಸಬಾರದು ಎಂದೂ ಎಚ್ಚರಿಸಿತ್ತು. ತೀರಿಕೊಂಡ ನಟರ ವಿಷಯದಲ್ಲಿ ಈ ಹಕ್ಕು ವಾರಸುದಾರರಿಗೆ ದಾಟುವುದಿಲ್ಲ ಎಂದು 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ಅದೇ ಹೈಕೋರ್ಟ್ ಹೇಳಿತು. ಹಾಗಾಗಿ ಅಪ್ಪು ಚಿತ್ರ ಬರೆದು ಮಾರುವವರು ಮೊದಲು ಯೋಚಿಸಬೇಕಾದದ್ದು, ತಾವು ನೋಡಿ ಬರೆದ ಆ ಫೋಟೋ ಯಾರದು ಎಂಬುದನ್ನು.

ಮಾರಲೇಬೇಕೆಂದರೆ ದಾರಿಗಳಿವೆ. ಚಿಕ್ಕ ಸ್ಟುಡಿಯೋ, ಸ್ವತಂತ್ರ ಕಾಮಿಕ್ಸ್ ಕಲಾವಿದರಿಗೆ ಒಂದು ಇಮೇಲ್ ಬರೆದರೆ ಎಷ್ಟೋ ಸಲ ಒಪ್ಪುತ್ತಾರೆ. ಕೆಲವು ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲೇ ಫ್ಯಾನ್ ಆರ್ಟ್ ನಿಯಮ ಹಾಕಿರುತ್ತವೆ. ರೆಡ್‌ಬಬಲ್‌ನಂಥ ತಾಣ ಕೆಲವು ಬ್ರ್ಯಾಂಡ್‌ಗಳ ಜತೆ ಮೊದಲೇ ಒಪ್ಪಂದ ಮಾಡಿಕೊಂಡಿದೆ, ಅಲ್ಲಿ ಒಪ್ಪಿಗೆ ಪಡೆದು ಮಾರಬಹುದು.

ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತಿದೆ: ನೋಂದಣಿ ಮಾಡಿಸದ ಚಿತ್ರಕ್ಕೆ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಬಳಸಬಹುದು ಎಂದು. ಅದೂ ತಪ್ಪು. ಭಾರತದಲ್ಲಿ ನೋಂದಣಿ ಕಡ್ಡಾಯವಲ್ಲ. ನಿಮ್ಮದೇ ಕಲ್ಪನೆಯ ಚಿತ್ರವನ್ನು ನೀವು ಬರೆದು ಮುಗಿಸಿದ ಗಳಿಗೆಯಿಂದಲೇ ಹಕ್ಕು ನಿಮ್ಮದು. ಕರಡು ಗೆರೆಗಳು, ಲೇಯರ್ ಇರುವ ಮೂಲ ಫೈಲ್, ಮೊದಲು ಪೋಸ್ಟ್ ಮಾಡಿದ ದಿನಾಂಕ ಇವನ್ನು ಅಳಿಸದೆ ಇಟ್ಟುಕೊಳ್ಳಿ. ನಾಳೆ ಯಾರದೋ ಟೀ ಶರ್ಟ್ ಮೇಲೆ ನಿಮ್ಮ ಚಿತ್ರ ಕಂಡಾಗ ಕೇಳುವ ಮೊದಲ ದಾಖಲೆ ಅದೇ.